ಪಾರ್ಶ್ವವಾಯುವಿನ ನಂತರ ಸಮತೋಲನ ಮತ್ತು ನಡಿಗೆ: ಮನೆಯಲ್ಲಿ ಮಾಡಿಸುವ ಫಿಸಿಯೋಥೆರಪಿಗೆ ಸಮಗ್ರ ಮಾರ್ಗದರ್ಶಿ

ಪಾರ್ಶ್ವವಾಯುವಾದವರನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ಮರುದಿನ ಮನೆಯವರು ಫಿಸಿಯೋಥೆರಪಿಸ್ಟ್ ಆದ ನನ್ನನ್ನು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಯಾವಾಗ ನಡೀತಾರೆ?" ಆ ಹೊತ್ತಿನಲ್ಲಿ ನಾನು ಗಮನಿಸುತ್ತಿರುವುದು ಅವರು ಮಂಚದ ಅಂಚಿನಲ್ಲಿ ಕುಳಿತಿರುವ ಬಗೆಯನ್ನು. ಹೆಚ್ಚಿನವರು ಸೋತ ಕಡೆಯ ಪೃಷ್ಠದ ಮೇಲೆ ಭಾರವನ್ನೇ ಬಿಡದೆ, ಗಟ್ಟಿ ಕೈಯಿಂದ ಹಾಸಿಗೆಯನ್ನು ಬಿಗಿಯಾಗಿ ಹಿಡಿದು, ಗಟ್ಟಿ ಪಕ್ಕಕ್ಕೇ ವಾಲಿ ಕುಳಿತಿರುತ್ತಾರೆ. ಹೀಗೆ ಕುಳಿತವರನ್ನು ಇಬ್ಬರು ಎರಡು ಬದಿಯಿಂದ ಹಿಡಿದೆತ್ತಿ ನಡೆಸಿದರೆ ಅವರು ಕಲಿಯುವುದು ಒಂದೇ ಕಾಲಿನ ಮೇಲೆ ಕುಂಟುವುದನ್ನು. ಇಲ್ಲಿ ಹೇಳಿರುವ ಎಲ್ಲ ಅಭ್ಯಾಸಗಳ ಗುರಿ ಒಂದೇ: ಸೋತ ಕಾಲಿನ ಮೇಲೆ ಹಂತಹಂತವಾಗಿ, ಭಯವಿಲ್ಲದೆ ಮೈಭಾರ ಬೀಳುವಂತೆ ಮಾಡುವುದು.

ಮಿದುಳಿನ ಒಂದು ಪಾರ್ಶ್ವಕ್ಕೆ ರಕ್ತ ನಿಂತಾಗ ಅಥವಾ ಅಲ್ಲಿ ರಕ್ತಸ್ರಾವವಾದಾಗ ಮೈಯ ಎದುರು ಪಾರ್ಶ್ವದ ಕೈಕಾಲುಗಳ ಸ್ವಾಧೀನ ತಪ್ಪುತ್ತದೆ. ಆದರೆ ಸಮತೋಲನಕ್ಕೆ ಸ್ನಾಯುವಿನ ಬಲವೊಂದೇ ಸಾಲದು. ಕಣ್ಣು ಕಂಡದ್ದು, ಒಳಕಿವಿ ಅರಿತದ್ದು, ಅಂಗಾಲು ಮತ್ತು ಕೀಲುಗಳು ಮುಟ್ಟಿ ತಿಳಿದದ್ದು, ಈ ಮೂರನ್ನೂ ಹೊಂದಿಸಿಕೊಂಡು ಮಿದುಳು ಕ್ಷಣಕ್ಷಣಕ್ಕೂ ಮೈಯನ್ನು ನೆಟ್ಟಗೆ ಇಡುತ್ತದೆ. ಅಂಗಾಲಿಗೆ ನೆಲ ಸರಿಯಾಗಿ ತಿಳಿಯದವರು ಕಣ್ಣನ್ನೇ ನೆಚ್ಚಿ ನಿಲ್ಲುತ್ತಾರೆ. ಆದ್ದರಿಂದಲೇ ಹಗಲು ಚೆನ್ನಾಗಿ ನಿಂತವರು ಕರೆಂಟು ಹೋದಾಗಲೋ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದಾಗಲೋ ಮುಗ್ಗರಿಸುತ್ತಾರೆ. ಇದರ ಮೇಲೆ, ಸೋತ ಕಾಲನ್ನು ನಂಬದೆ ಗಟ್ಟಿ ಕಾಲಿನಲ್ಲೇ ಎಲ್ಲ ಕೆಲಸ ಮುಗಿಸುವ ಅಭ್ಯಾಸ ಕೆಲವೇ ವಾರಗಳಲ್ಲಿ ಬೇರೂರುತ್ತದೆ. ಚೇತರಿಕೆ ಅತಿ ವೇಗವಾಗಿ ಆಗುವುದು ಮೊದಲ ಮೂರು ತಿಂಗಳಲ್ಲಿ. ಆ ಮೇಲೆ ಗತಿ ನಿಧಾನವಾಗುತ್ತದೆಯಾದರೂ ನಿಂತುಹೋಗುವುದಿಲ್ಲ. ವರ್ಷ ಕಳೆದ ಬಳಿಕ ಅಭ್ಯಾಸಕ್ಕಿಳಿದು ನಡಿಗೆಯನ್ನು ಸುಧಾರಿಸಿಕೊಂಡವರೂ ಇದ್ದಾರೆ.

ಆರಂಭಿಸುವ ಮುನ್ನ

ಎಷ್ಟು ಬೇಗ ಆರಂಭಿಸಿದರೆ ಅಷ್ಟು ಒಳ್ಳೆಯದು ಎಂಬ ಮಾತು ಅರ್ಧ ಮಾತ್ರ ನಿಜ. ಪಾರ್ಶ್ವವಾಯುವಾದ 24 ಗಂಟೆಗಳೊಳಗೆ ರೋಗಿಗಳನ್ನು ಎಬ್ಬಿಸಿ ಹೆಚ್ಚು ಹೊತ್ತು ಅಭ್ಯಾಸ ಮಾಡಿಸಿದರೆ ಏನಾಗುತ್ತದೆ ಎಂದು ಐದು ದೇಶಗಳ 2,104 ರೋಗಿಗಳಲ್ಲಿ ಪರೀಕ್ಷಿಸಿದ 'ಅವರ್ಟ್' ಅಧ್ಯಯನದ ಫಲಿತಾಂಶ 2015ರಲ್ಲಿ ಹೊರಬಂತು. ಹಾಗೆ ಅವಸರಪಟ್ಟವರಲ್ಲಿ ಮೂರು ತಿಂಗಳ ಹೊತ್ತಿಗೆ ಒಳ್ಳೆಯ ಚೇತರಿಕೆ ಕಂಡವರ ಪ್ರಮಾಣ ತುಸು ಕಡಿಮೆಯೇ ಇತ್ತು. ಆದ್ದರಿಂದ ಮೊದಲ ದಿನಗಳ ತೀರ್ಮಾನವನ್ನು ಆಸ್ಪತ್ರೆಯ ತಂಡಕ್ಕೇ ಬಿಡಬೇಕು. ಮನೆಗೆ ಬಂದ ಮೇಲೂ ಒಂದೇ ಸಲ ದಣಿಯುವಷ್ಟು ಮಾಡಿಸುವುದಕ್ಕಿಂತ, ಹತ್ತು-ಹದಿನೈದು ನಿಮಿಷಗಳ ಅಭ್ಯಾಸವನ್ನು ದಿನಕ್ಕೆ ಹಲವು ಬಾರಿ ಮಾಡಿಸುವುದು ಲೇಸು.

ವೈದ್ಯರಿಂದ ಮೂರು ವಿಷಯಗಳನ್ನು ಬರೆಸಿಕೊಳ್ಳಿ: ಬಿಪಿ ಎಷ್ಟರೊಳಗಿದ್ದರೆ ವ್ಯಾಯಾಮ ಮಾಡಿಸಬಹುದು, ಹೃದಯದ ಕಾರಣಕ್ಕೆ ಯಾವ ಮಿತಿಯಿದೆ, ರಕ್ತ ತೆಳುವಾಗಿಸುವ ಮಾತ್ರೆ ನಡೆಯುತ್ತಿದೆಯೇ. ಮಲಗಿದ್ದವರು ಎದ್ದು ನಿಂತ ಮೂರು ನಿಮಿಷಗಳೊಳಗೆ ಬಿಪಿಯ ಮೇಲಿನ ಅಂಕಿ 20ರಷ್ಟೋ ಕೆಳಗಿನದು 10ರಷ್ಟೋ ಇಳಿದರೆ ವೈದ್ಯರಿಗೆ ತಿಳಿಸಬೇಕು. ಕಣ್ಣು ಕತ್ತಲೆಗಟ್ಟಿ ಬೀಳುವುದಕ್ಕೆ ಇದು ಸಾಮಾನ್ಯ ಕಾರಣ. ಅಭ್ಯಾಸದ ನಡುವೆ ಎದೆನೋವು, ಮಿತಿಮೀರಿದ ಏದುಸಿರು ಅಥವಾ ತಲೆಸುತ್ತು ಬಂದರೆ ತಕ್ಷಣ ಕೂರಿಸಿ ನಿಲ್ಲಿಸಿ. ಒಂದು ಮೀನಖಂಡ ಮಾತ್ರ ಊದಿ ನೋಯುತ್ತಿದ್ದರೆ ತಿಕ್ಕಬಾರದು, ವ್ಯಾಯಾಮವನ್ನೂ ಮಾಡಿಸಬಾರದು. ರಕ್ತ ಹೆಪ್ಪುಗಟ್ಟಿರಬಹುದಾದ್ದರಿಂದ ಅದೇ ದಿನ ತೋರಿಸಬೇಕು. ಬಾಯಿ ಹೊಸದಾಗಿ ಸೊಟ್ಟಗಾದರೆ, ಮಾತು ತೊದಲಿದರೆ ಅಥವಾ ಇನ್ನೊಂದು ಕೈ ಸೋತರೆ ಫಿಸಿಯೋಥೆರಪಿಸ್ಟ್‌ಗೆ ಫೋನ್ ಮಾಡುತ್ತಾ ಕೂರದೆ 108ಕ್ಕೆ ಕರೆ ಮಾಡಬೇಕು, ಏಕೆಂದರೆ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳ ಅವಕಾಶವಷ್ಟೇ ಇರುತ್ತದೆ.

ಹಾಸಿಗೆಯಿಂದ ಮಂಚದ ಅಂಚಿಗೆ

ಮಲಗಿದಲ್ಲೇ ಮಾಡಬೇಕಾದ ಅಭ್ಯಾಸಗಳಲ್ಲಿ ಮುಖ್ಯವಾದದ್ದು, ಎರಡೂ ಮಂಡಿಗಳನ್ನು ಮಡಚಿ, ಪಾದಗಳನ್ನು ಹಾಸಿಗೆಗೆ ಊರಿ, ಸೊಂಟವನ್ನು ಮೇಲೆತ್ತಿ ಐದು ಎಣಿಸುವವರೆಗೆ ಹಿಡಿಯುವುದು. ಸೋತ ಮಂಡಿ ಹೊರಕ್ಕೆ ವಾಲಿದರೆ ನೆರವಿನವರು ಅದನ್ನು ನೇರವಾಗಿ ಹಿಡಿದಿರಲಿ, ಆದರೆ ಸೊಂಟವನ್ನು ತಾವೇ ಎತ್ತಬಾರದು. ಏಳುವಾಗ ರೋಗಿ ಒಂದು ಮಗ್ಗುಲಿಗೆ ಹೊರಳಿ, ಕಾಲುಗಳನ್ನು ಮಂಚದಿಂದ ಇಳಿಬಿಟ್ಟು, ಮೊಣಕೈಯೂರಿ ಮೇಲೇಳಲಿ.

ಕುಳಿತಾಗ ಎರಡೂ ಅಂಗಾಲುಗಳು ನೆಲಕ್ಕೆ ಪೂರ್ತಿ ತಾಗಿರಬೇಕು. ಮಂಚ ಎತ್ತರವಿದ್ದರೆ ಕಾಲಡಿಗೆ ಮಣೆ ಇಡಿ. ಕುಳಿತ ಸಮತೋಲನ ಬರುವುದು ಕೈ ಚಾಚಿ ವಸ್ತು ಮುಟ್ಟುವುದರಿಂದ. ನೀರಿನ ಲೋಟವನ್ನು ಗಟ್ಟಿ ಕೈಗೆ ಸಿಗುವಂತೆ, ಆದರೆ ಸೋತ ಕಡೆಗೆ, ತೋಳಿನಳತೆಗಿಂತ ತುಸು ಆಚೆ ಹಿಡಿಯಿರಿ. ಲೋಟ ತೆಗೆದುಕೊಳ್ಳಲು ವಾಲುವಾಗ ಭಾರ ತಾನಾಗಿಯೇ ಸೋತ ಪೃಷ್ಠದ ಮೇಲೂ ಪಾದದ ಮೇಲೂ ಬೀಳುತ್ತದೆ. "ಭಾರ ಆ ಕಡೆ ಹಾಕಿ, ಹಾಕಿ" ಎಂದು ಹತ್ತು ಸಲ ಹೇಳುವುದಕ್ಕಿಂತ ಒಂದು ಲೋಟ ಹೆಚ್ಚು ಕೆಲಸ ಮಾಡುತ್ತದೆ.

ಕೆಲವರು ಮಾತ್ರ ಇದಕ್ಕೆ ತದ್ವಿರುದ್ಧವಾಗಿ ಗಟ್ಟಿ ಕೈಯಿಂದ ತಮ್ಮನ್ನು ತಾವೇ ಸೋತ ಕಡೆಗೆ ತಳ್ಳಿಕೊಳ್ಳುತ್ತಾರೆ, ನೆಟ್ಟಗೆ ಮಾಡಲು ಹೋದರೆ ಬಿದ್ದೇಬಿಡುತ್ತೇವೆಂದು ಪ್ರತಿಭಟಿಸುತ್ತಾರೆ. ಇದು ಹಟವಲ್ಲ, ನೆಟ್ಟಗಿರುವುದು ಎಂದರೇನೆಂಬ ಅರಿವೇ ಮಿದುಳಿನಲ್ಲಿ ವಾಲಿರುತ್ತದೆ. ಇಂಥವರನ್ನು ಎದುರಿನಿಂದ ದೂಡಿದಷ್ಟೂ ಅವರು ಮತ್ತಷ್ಟು ತಳ್ಳುತ್ತಾರೆ. ಗಟ್ಟಿ ಕಡೆಗೆ ಗೋಡೆ ಇರುವಂತೆ ಕೂರಿಸಿ, "ಭುಜದಿಂದ ಗೋಡೆ ಮುಟ್ಟಿ" ಎಂದು ಕೇಳಬೇಕು; ಎದುರಿಗೆ ಬಾಗಿಲ ಚೌಕಟ್ಟಿನ ನೇರ ಅಂಚನ್ನು ತೋರಿಸಿ ಅದಕ್ಕೆ ಸರಿಯಾಗಿ ಮೈಯನ್ನು ಹೊಂದಿಸಿಕೊಳ್ಳಲು ಬಿಡಬೇಕು.

ಎದ್ದು ನಿಲ್ಲುವುದು

ಇಡೀ ತರಬೇತಿಯಲ್ಲಿ ಒಂದೇ ಒಂದು ಅಭ್ಯಾಸವನ್ನು ಆಯ್ದುಕೊಳ್ಳಿ ಎಂದರೆ ನಾನು ಆಯ್ದುಕೊಳ್ಳುವುದು ಕುರ್ಚಿಯಿಂದ ಎದ್ದು ಕೂರುವುದನ್ನು. ಬಲ, ಸಮತೋಲನ, ಭಾರದ ಹಂಚಿಕೆ ಮೂರೂ ಇದರಲ್ಲಿವೆ, ಶೌಚಕ್ಕೆ ಸ್ವತಂತ್ರವಾಗಿ ಹೋಗಲು ಮೊದಲು ಬೇಕಾದದ್ದೂ ಇದೇ.

ಕೈಗಳಿರುವ ಗಟ್ಟಿ ಮರದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ; ಪ್ಲಾಸ್ಟಿಕ್ ಕುರ್ಚಿ ಮೊಸಾಯಿಕ್ ನೆಲದಲ್ಲಿ ಹಿಂದಕ್ಕೆ ಜಾರುತ್ತದೆ. ಆಸನ ಮಂಡಿಗಿಂತ ಎತ್ತರವಿದ್ದರೆ ಏಳುವುದು ಸುಲಭ, ಆದ್ದರಿಂದ ಆರಂಭದಲ್ಲಿ ಜಮಖಾನೆಯನ್ನು ಗಟ್ಟಿಯಾಗಿ ಮೂರು-ನಾಲ್ಕು ಮಡಿಕೆ ಮಾಡಿ ಕುರ್ಚಿಯ ಮೇಲೆ ಹಾಸಿ, ಬಲ ಬಂದಂತೆಲ್ಲ ಒಂದೊಂದೇ ಮಡಿಕೆ ಕಡಿಮೆ ಮಾಡಿ. ರೋಗಿ ಆಸನದ ಮುಂದಿನ ಅರ್ಧಕ್ಕೆ ಸರಿದು ಕೂರಲಿ. ಪಾದಗಳು ಮಂಡಿಗಿಂತ ಸುಮಾರು ನಾಲ್ಕು ಬೆರಳು ಹಿಂದಕ್ಕಿರಲಿ. ಮುಂದಕ್ಕೆ ಚಾಚಿದ ಪಾದಗಳ ಮೇಲೆ ಯಾರಿಗೂ ಏಳಲಾಗದು. ಇನ್ನು ಮುಖ್ಯವಾದ ಸೂಕ್ಷ್ಮವೊಂದಿದೆ: ಸೋತ ಪಾದವನ್ನು ಗಟ್ಟಿ ಪಾದಕ್ಕಿಂತ ಅರ್ಧ ಅಂಗಾಲಿನಷ್ಟು ಹಿಂದಿಡಿ. ಹಿಂದಿರುವ ಕಾಲಿನ ಮೇಲೆ ಹೆಚ್ಚು ಭಾರ ಬೀಳುವುದರಿಂದ ಸೋತ ಕಾಲು ತಪ್ಪಿಸಿಕೊಳ್ಳಲಾಗದೆ ದುಡಿಯಬೇಕಾಗುತ್ತದೆ.

ಈಗ ರೋಗಿ ಬೆನ್ನನ್ನು ನೇರವಾಗಿಟ್ಟುಕೊಂಡೇ ಸೊಂಟದಿಂದ ಮುಂದಕ್ಕೆ ಬಾಗಬೇಕು, ಮೂಗು ಕಾಲ್ಬೆರಳುಗಳ ನೇರಕ್ಕೆ ಬರುವವರೆಗೆ. ಬೀಳುವ ಭಯದಿಂದ ಹೆಚ್ಚಿನವರು ಇಲ್ಲಿಯೇ ನಿಲ್ಲಿಸಿ ಹಿಂದಕ್ಕೆ ಕುಸಿಯುತ್ತಾರೆ. ಎದುರಿಗೆ ಸ್ಟೂಲ್ ಇಟ್ಟು ಎರಡೂ ಅಂಗೈಗಳನ್ನು ಅದರ ಮೇಲೆ ಮುಂದಕ್ಕೆ ಜಾರಿಸಲು ಹೇಳಿದರೆ ಭಯ ಕಡಿಮೆಯಾಗುತ್ತದೆ. ನೆರವಿನವರು ಸೋತ ಕಡೆಗೆ ಕುಳಿತು ಒಂದು ಅಂಗೈಯನ್ನು ಸೋತ ಮಂಡಿಯ ಮೇಲಿಟ್ಟು, ಅದು ಪಾದದ ಮೇಲೆ ಮುಂದಕ್ಕೆ ಬರುವಂತೆ ಮೆಲ್ಲಗೆ ಒತ್ತಿ ಕೊಡಲಿ. ಪೃಷ್ಠ ಆಸನವನ್ನು ಬಿಟ್ಟ ಕ್ಷಣದಲ್ಲಿ ಹಿಮ್ಮಡಿಯನ್ನು ನೋಡಿ. ಅದು ನೆಲ ಬಿಟ್ಟು ಮೇಲೆದ್ದರೆ ಭಾರ ಆ ಕಾಲಿಗೆ ಬಂದಿಲ್ಲವೆಂದು ಅರ್ಥ, ಪಾದವನ್ನು ತುಸು ಮುಂದಕ್ಕೆ ತಂದು ಮತ್ತೆ ಪ್ರಯತ್ನಿಸಬೇಕು. ನಿಂತ ಮೇಲೆ ಮಂಡಿ ಹಿಂದಕ್ಕೆ ಸೆಟೆದುಕೊಳ್ಳದಿರಲಿ. ಕೂರುವಾಗ ಧೊಪ್ಪನೆ ಬೀಳದೆ ನಾಲ್ಕು ಎಣಿಸುತ್ತಾ ಇಳಿಯಲಿ. ಬಲ ಕೂಡುವುದರಲ್ಲಿ ಏಳುವುದಕ್ಕಿಂತ ನಿಧಾನವಾಗಿ ಕೂರುವುದರ ಪಾಲು ಕಡಿಮೆಯೇನಲ್ಲ.

ಭಾರ ನಿಜಕ್ಕೂ ಬೀಳುತ್ತಿದೆಯೇ ಎಂದು ತಿಳಿಯಲು ಮನೆಯಲ್ಲಿ ತೂಕ ನೋಡುವ ಯಂತ್ರವಿದ್ದರೆ ಅದನ್ನು ಸೋತ ಪಾದದಡಿ, ಅಷ್ಟೇ ಎತ್ತರದ ಹಲಗೆಯನ್ನು ಇನ್ನೊಂದರಡಿ ಇಟ್ಟು ನಿಲ್ಲಿಸಿ. 60 ಕೆ.ಜಿ. ತೂಕದವರ ಸೋತ ಕಾಲಿನಡಿ ಮುಳ್ಳು 18ರಲ್ಲಿ ನಿಂತಿದ್ದರೆ ಅದು 30ರ ಹತ್ತಿರಕ್ಕೆ ಬರುವುದೇ ಗುರಿ. ಕಣ್ಣೆದುರು ಮುಳ್ಳು ಸರಿಯುವುದನ್ನು ಕಂಡವರು ಯಾರ ಒತ್ತಾಯವೂ ಇಲ್ಲದೆ ಇನ್ನೊಂದು ಸಲ ಪ್ರಯತ್ನಿಸುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಒಂದು ಸಲಕ್ಕೆ ಐದರಿಂದ ಹತ್ತು ಬಾರಿ, ದಿನಕ್ಕೆ ನಾಲ್ಕೈದು ಸಲ ಸಾಕು. ಕಾಫಿ, ತಿಂಡಿ, ಊಟಕ್ಕೆ ಮೊದಲು ಎಂದು ಗೊತ್ತು ಮಾಡಿಕೊಂಡರೆ ಮರೆಯುವುದಿಲ್ಲ.

ಎಬ್ಬಿಸಲು ಸೋತ ಕೈಯನ್ನು ಹಿಡಿದು ಎಂದಿಗೂ ಎಳೆಯಬಾರದು, ಕಂಕುಳಿಗೆ ಕೈ ಹಾಕಿ ಎತ್ತಬಾರದು. ಸ್ನಾಯುಗಳ ಹಿಡಿತವಿಲ್ಲದ ಭುಜದ ಕೀಲು ಕೈಯ ತೂಕಕ್ಕೇ ಜೋತಿರುತ್ತದೆ. ನಾನು ಹೋಗುತ್ತಿದ್ದ ಒಂದು ಮನೆಯಲ್ಲಿ ಮಗ ತಂದೆಯನ್ನು ದಿನವೂ ಬಹಳ ಕಕ್ಕುಲಾತಿಯಿಂದ ಹಾಗೆಯೇ ಎಬ್ಬಿಸುತ್ತಿದ್ದ. ಎರಡನೆಯ ವಾರಕ್ಕೆ ಶುರುವಾದ ಭುಜದ ನೋವಿನಿಂದ ಅವರ ನಿದ್ದೆ ಕೆಟ್ಟು, ನಡಿಗೆಯ ಅಭ್ಯಾಸ ತಿಂಗಳುಗಟ್ಟಲೆ ಹಿಂದೆ ಬಿತ್ತು. ಮೊದಲ ಭೇಟಿಯಲ್ಲೇ ಅದನ್ನು ಗಮನಿಸಿ ಹೇಳದಿದ್ದ ತಪ್ಪು ನನ್ನದು. ಸೊಂಟಕ್ಕೆ ಅಗಲವಾದ ಬೆಲ್ಟ್ ಕಟ್ಟಿ, ಬೆನ್ನ ಹಿಂದೆ ಅದನ್ನು ಹಿಡಿಯುವುದು ಸರಿಯಾದ ಕ್ರಮ.

ನಿಂತು ಮಾಡುವ ಅಭ್ಯಾಸಗಳು

ಇದಕ್ಕೆ ಅಡುಗೆಮನೆಯ ಕಟ್ಟೆಯಷ್ಟು ಒಳ್ಳೆಯ ಜಾಗ ಬೇರೆ ಇಲ್ಲ: ಎತ್ತರ ಸರಿಯಾಗಿರುತ್ತದೆ, ಹಿಡಿಯಲು ಅಂಚಿರುತ್ತದೆ, ಮಾಡಲು ಕೆಲಸವೂ ಇರುತ್ತದೆ. ಒಲೆ ಆರಿರಲಿ, ಹಿಂದೆ ಕುರ್ಚಿಯಿರಲಿ, ನೆರವಿನವರು ಸೋತ ಕಡೆ ನಿಂತಿರಲಿ. ಪಾದಗಳನ್ನು ಭುಜದಗಲಕ್ಕೆ ಇಟ್ಟು ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ನಿಧಾನವಾಗಿ ಬದಲಿಸುವುದು ಮೊದಲ ಹಂತ. ಆಮೇಲೆ ಗಟ್ಟಿ ಕಡೆಯಿರುವ ಡಬ್ಬಿಗಳನ್ನು ಒಂದೊಂದಾಗಿ ಎತ್ತಿ ಸೋತ ಕಡೆಗೆ ಇಡಿಸಿ.

ಇದು ಸಲೀಸಾದ ಮೇಲೆ ಕಾಲೆದುರು ಊಟದ ಮಣೆಯನ್ನಿಟ್ಟು, ಗಟ್ಟಿ ಪಾದವನ್ನು ಅದರ ಮೇಲಿಟ್ಟು ಇಳಿಸಲು ಹೇಳಿ. ಇಲ್ಲಿ ಸಾಮಾನ್ಯವಾಗಿ ಮನೆಯವರು ಸೋತ ಕಾಲನ್ನೇ ಎತ್ತಿಸಲು ಹೋಗುತ್ತಾರೆ. ಎತ್ತುವ ಕಾಲಿಗಿಂತ ನೆಲದಲ್ಲಿ ನಿಂತ ಕಾಲು ಹೆಚ್ಚು ಕಲಿಯುತ್ತದೆ, ಆದ್ದರಿಂದ ಗಟ್ಟಿ ಕಾಲು ಮಣೆಗೆ ಹೋಗಬೇಕು. ಮೊದಲ ದಿನ ಪಾದ ಮಣೆಯನ್ನು ತಾಗಿಸಿ ತಟ್ಟನೆ ಹಿಂದಕ್ಕೆ ಬರುತ್ತದೆ; ಅದು ಮಣೆಯ ಮೇಲೆ ಮೂರು ಎಣಿಸುವಷ್ಟು ಹೊತ್ತು ಹಗುರಾಗಿ ನಿಂತರೆ, ಸೋತ ಕಾಲು ಮೈಯನ್ನು ಹೊರಲು ಆರಂಭಿಸಿದೆ ಎಂದು ತಿಳಿಯಬಹುದು.

ಮುಂದಿನ ಹಂತಗಳಲ್ಲಿ ಪಾದಗಳನ್ನು ಹತ್ತಿರ ತರುವುದು, ಒಂದರ ಮುಂದೆ ಇನ್ನೊಂದನ್ನು ಇಡುವುದು, ತಲೆಯನ್ನು ಎಡಬಲಕ್ಕೆ ತಿರುಗಿಸುವುದು ಬರುತ್ತವೆ. ಕಣ್ಣು ಮುಚ್ಚಿ ನಿಲ್ಲುವುದನ್ನೂ ಮಡಚಿದ ಕಂಬಳಿಯ ಮೇಲೆ ನಿಲ್ಲುವುದನ್ನೂ ಫಿಸಿಯೋಥೆರಪಿಸ್ಟ್ ಪಕ್ಕದಲ್ಲಿದ್ದಾಗ ಮಾತ್ರ ಮಾಡಿಸಬೇಕು. ಮಾತಿನ ತೊಂದರೆಯಿಲ್ಲದವರಿಗೆ ನಿಂತಲ್ಲೇ ಏಳರ ಮಗ್ಗಿ ಹೇಳಿಸಿ ನೋಡಿ. ಸುಮ್ಮನೆ ಗಟ್ಟಿಯಾಗಿ ನಿಂತವರು ಏಳೇಳ್ಲಿ ಎಷ್ಟೆಂದು ಯೋಚಿಸತೊಡಗಿದೊಡನೆ ವಾಲುವುದುಂಟು. ಬೀದಿಯಲ್ಲಿ ಯಾರೋ ಮಾತನಾಡಿಸಿದಾಗ ಬೀಳುವುದೂ ಇದೇ ಕಾರಣಕ್ಕೆ, ಹಾಗಾಗಿ ಎರಡು ಕೆಲಸವನ್ನು ಒಟ್ಟಿಗೆ ಮಾಡುವ ಅಭ್ಯಾಸವೂ ತರಬೇತಿಯ ಭಾಗವಾಗಬೇಕು.

ನಡಿಗೆ, ಕೋಲು, ಮೆಟ್ಟಿಲು

ನೆರವಿನೊಂದಿಗೆ ಎದ್ದು ಒಂದು ನಿಮಿಷ ನಿಂತು, ಸೋತ ಕಾಲಿಗೆ ಭಾರ ಕೊಡಬಲ್ಲವರು ನಡಿಗೆಗೆ ಸಿದ್ಧರು. ಪಾದ ಜೋತು ಬೀಳುವುದರಿಂದ ಅನೇಕರು ಕಾಲನ್ನು ಹೊರಗಿನಿಂದ ಸುತ್ತಿ ತಂದು ಇಡುತ್ತಾರೆ. ಅಂಗಾಲಿನಿಂದ ಮೀನಖಂಡದವರೆಗೆ ಬರುವ ಎಎಫ್‌ಒ ಎಂಬ ಪಟ್ಟಿಯನ್ನು ಬೂಟಿನೊಳಗೆ ಧರಿಸಿದರೆ ಬೆರಳು ನೆಲಕ್ಕೆ ಎಡವುವುದು ತಪ್ಪುತ್ತದೆ; ಅದನ್ನು ಅಳತೆ ಕೊಟ್ಟು ಮಾಡಿಸಿಕೊಳ್ಳುವುದು ಉತ್ತಮ, ಮತ್ತು ಚರ್ಮ ಕೆಂಪಾಗಿದೆಯೇ ಎಂದು ದಿನವೂ ನೋಡಬೇಕು. ಜಗಲಿಯಲ್ಲಿ ನೇರ ನಡೆಯುವುದು ಬಂದ ಮೇಲೆ ಕಟ್ಟೆಯಂಚು ಹಿಡಿದು ಅಡ್ಡಡ್ಡ ಹೆಜ್ಜೆ, ಹಿಮ್ಮುಖ ಹೆಜ್ಜೆ ಹಾಗೂ ತಿರುಗುವುದನ್ನು ಕಲಿಸಿ. ನೇರ ನಡೆಯುವಾಗ ಮಾತ್ರವಲ್ಲ, ತಿರುಗುವಾಗಲೂ ಅನೇಕರು ಬೀಳುತ್ತಾರೆ. ಆದ್ದರಿಂದ ಒಂದೇ ಕಾಲಿನ ಮೇಲೆ ಗಿರಕಿ ಹೊಡೆಯದೆ ಚಿಕ್ಕ ಚಿಕ್ಕ ಹೆಜ್ಜೆಗಳಲ್ಲಿ ಸುತ್ತಬೇಕು.

ಕೋಲು ಗಟ್ಟಿ ಕೈಯಲ್ಲಿರಬೇಕು. ಸೋತ ಕಡೆಗೇ ಆಸರೆ ಬೇಕಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಗಟ್ಟಿ ಕಡೆಗೆ ಹಿಡಿದಾಗ ಸೋತ ಕಾಲಿನ ಮೇಲೆ ನಿಂತ ಕ್ಷಣದಲ್ಲಿ ಆಧಾರದ ನೆಲೆ ಎರಡೂ ಬದಿಗೆ ಹರಡಿಕೊಳ್ಳುತ್ತದೆ. ಕೈ ಇಳಿಬಿಟ್ಟಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಸರಿಯಾಗಿ ಬರಬೇಕು, ತುದಿಯ ರಬ್ಬರ್ ಸವೆದಿರಬಾರದು. ಕೋಲು ಮತ್ತು ಸೋತ ಕಾಲು ಮುಂದೆ ಹೋಗುತ್ತವೆ, ಗಟ್ಟಿ ಕಾಲು ಹಿಂಬಾಲಿಸುತ್ತದೆ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ನಮ್ಮ ಹಳೆಯ ಮನೆಗಳ ಎತ್ತರದ ಹೊಸ್ತಿಲನ್ನು ಬಾಗಿಲ ಚೌಕಟ್ಟು ಹಿಡಿದು ಹೀಗೆಯೇ ದಾಟಿಸಬೇಕು, ಹೊಸ್ತಿಲಿನ ಮೇಲೆ ಮಾತ್ರ ಕಾಲಿಡದಂತೆ. ಅದನ್ನು ತುಳಿಯಬಾರದೆಂಬ ಹಿರಿಯರ ಮಾತು ಇಲ್ಲಿ ಸಲೀಸಾಗಿ ಒಪ್ಪಿತವಾಗುತ್ತದೆ.

ಬೆಲ್ಟಿಗೆ ಮೈಯನ್ನು ತೂಗಿಹಾಕಿ ಟ್ರೆಡ್‌ಮಿಲ್ ಮೇಲೆ ನಡೆಸುವ ಸೌಲಭ್ಯ ನಗರದಲ್ಲಿದೆ, ನಮಗಿಲ್ಲ ಎಂದು ಕೊರಗುವವರಿಗೆ ಒಂದು ವಿಷಯ ಹೇಳಬೇಕು. ಅಮೆರಿಕದಲ್ಲಿ 408 ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ 'ಲೀಪ್ಸ್' ಅಧ್ಯಯನದಲ್ಲಿ, ಫಿಸಿಯೋಥೆರಪಿಸ್ಟ್ ಮನೆಗೆ ಬಂದು ಮಾಡಿಸಿದ ಬಲ ಮತ್ತು ಸಮತೋಲನದ ವ್ಯಾಯಾಮಗಳಿಗಿಂತ ಆ ಯಂತ್ರ ಹೆಚ್ಚಿನ ಫಲ ಕೊಡಲಿಲ್ಲ. ಹಾಗೆಂದು ಫಿಸಿಯೋಥೆರಪಿಸ್ಟೇ ಬೇಡವೆಂದೂ ಅಲ್ಲ. ಭಾರತದ 14 ಆಸ್ಪತ್ರೆಗಳ 1,250 ರೋಗಿಗಳಲ್ಲಿ ಕುಟುಂಬದವರಿಗೇ ತರಬೇತಿ ಕೊಟ್ಟು ಮನೆಯಲ್ಲಿ ಅಭ್ಯಾಸ ಮಾಡಿಸಿ ನೋಡಿದ 'ಅಟೆಂಡ್' ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಎಂದಿನ ಆರೈಕೆ ಪಡೆದವರಿಗಿಂತ ಅವರ ಸ್ಥಿತಿ ಉತ್ತಮವಾಗಿರಲಿಲ್ಲ. ಅಭ್ಯಾಸದ ಕಷ್ಟವನ್ನು ಯಾವಾಗ ಒಂದು ಹಂತ ಏರಿಸಬೇಕು ಎಂದು ನಿರ್ಧರಿಸಲು ಪಳಗಿದ ಕಣ್ಣು ಬೇಕು ಎಂದು ನಾನು ಇದನ್ನು ಅರ್ಥ ಮಾಡಿಕೊಂಡಿದ್ದೇನೆ. ವಾರಕ್ಕೊಮ್ಮೆಯಾದರೂ ಫಿಸಿಯೋಥೆರಪಿಸ್ಟ್ ನೋಡಲಿ. ತೊಡಕಿನ ಪ್ರಕರಣಗಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ ಪುನರ್ವಸತಿಗೆಂದೇ ವಿಭಾಗವಿದೆ.

ಸೋತ ಕೈ ಮತ್ತು ಮನೆಯ ನೆಲ

ಕೈಯನ್ನು ಮರೆತು ಸಮತೋಲನ ಕಲಿಸಲಾಗದು, ಏಕೆಂದರೆ ಜೋತುಬಿದ್ದ ತೋಳು ಇಡೀ ಮೈಯನ್ನು ಒಂದು ಕಡೆಗೆ ಎಳೆಯುತ್ತದೆ. ಕುಳಿತಾಗ ಅದನ್ನು ದಿಂಬು ಅಥವಾ ಮೇಜಿನ ಮೇಲೆ ಇಡಿ. ರಾಟೆಗೆ ಹಗ್ಗ ಹಾಕಿ ಸೋತ ಕೈಯನ್ನು ತಲೆಯ ಮೇಲಕ್ಕೆ ಎಳೆಯುವ ವ್ಯಾಯಾಮ ಭುಜಕ್ಕೆ ಅಪಾಯ. ಇನ್ನು ಎಲ್ಲರ ಕೈಯಲ್ಲೂ ಕಾಣುವ ಸ್ಪಂಜಿನ ಚೆಂಡಿನ ವಿಷಯ: ಬೆರಳುಗಳು ಆಗಲೇ ಬಿಗಿದು ಮಡಚಿಕೊಂಡಿರುವಾಗ ಮತ್ತಷ್ಟು ಹಿಚುಕುವುದರಿಂದ ಬೇಕಾದ ಪ್ರಯೋಜನವಿಲ್ಲ, ಕಷ್ಟವಿರುವುದು ಬಿಡಿಸುವುದರಲ್ಲಿ, ಲೋಟ ಹಿಡಿದು ಬಿಡುವುದನ್ನು ಕಲಿಸಬೇಕು. ಎಣ್ಣೆ ಹಚ್ಚಿ ತಿಕ್ಕುವುದು ಹಿತವೆನಿಸಿದರೆ ಮೆಲ್ಲಗೆ ತಿಕ್ಕಬಹುದು, ಆದರೆ ಇನ್ನೊಬ್ಬರು ತಿಕ್ಕಿದ ಮಾತ್ರಕ್ಕೆ ಕಾಲು ಭಾರ ಹೊರಲು ಕಲಿಯುವುದಿಲ್ಲ. ಸ್ಪರ್ಶ ತಿಳಿಯದ ಕೈಕಾಲಿಗೆ ಬಿಸಿನೀರಿನ ಚೀಲ ಇಟ್ಟು ಬೊಬ್ಬೆ ಎದ್ದದ್ದನ್ನು ಕಂಡಿದ್ದೇನೆ. ಅದನ್ನು ಬಿಡುವುದೇ ಒಳ್ಳೆಯದು.

ಬಚ್ಚಲ ಒದ್ದೆ ನೆಲ, ಹಿಂಬದಿ ಪಟ್ಟಿಯಿಲ್ಲದ ಹವಾಯಿ ಚಪ್ಪಲಿ, ಕಾಲಿಗೆ ತೊಡರುವ ಪಂಚೆ ಅಥವಾ ನೈಟಿ, ಬಾಗಿಲ ಬಳಿಯ ಕಾಲೊರಸು ಬಟ್ಟೆ, ಇವು ಮನೆಯೊಳಗೆ ಬೀಳಿಸುವ ವಸ್ತುಗಳು. ಸ್ನಾನಕ್ಕೆ ಕೈಗಳಿರುವ, ಕಾಲಿಗೆ ರಬ್ಬರ್ ಇರುವ ಕುರ್ಚಿ ಹಾಕಿ; ಗೋಡೆಗೆ ಹಿಡಿಕೆಯನ್ನು ಗಟ್ಟಿ ಕೈಗೆ ಸಿಗುವ ಕಡೆ ಕೂರಿಸಿ. ನೆಲಮಟ್ಟದ ಶೌಚಾಲಯವಾದರೆ ಅದರ ಮೇಲೆ ಕಮೋಡ್ ಕುರ್ಚಿ ಇಡುವುದು ತಾತ್ಕಾಲಿಕ ಪರಿಹಾರವಾಗುತ್ತದೆ. ಮಿದುಳಿನ ಬಲಭಾಗಕ್ಕೆ ಪೆಟ್ಟಾದವರಲ್ಲಿ ಕೆಲವರು ತಮ್ಮ ಎಡಬದಿಯನ್ನೇ ಮರೆಯುತ್ತಾರೆ, ತಟ್ಟೆಯ ಎಡಭಾಗದ ಅನ್ನ ಹಾಗೆಯೇ ಉಳಿದಿರುತ್ತದೆ, ಎಡಭುಜ ಬಾಗಿಲಿಗೆ ಬಡಿಯುತ್ತದೆ. ಅವರೊಂದಿಗೆ ಎಡಗಡೆ ನಿಂತು ಮಾತನಾಡಿ, ನಡೆಯುವಾಗ ಎಡಕ್ಕೆ ನೋಡಲು ನೆನಪಿಸಿ.

ಸುಧಾರಣೆಯನ್ನು ಅಳೆಯುವುದು

"ಸ್ವಲ್ಪ ಪರವಾಗಿಲ್ಲ" ಎಂಬ ಮಾತಿನಿಂದ ಏನೂ ತಿಳಿಯುವುದಿಲ್ಲ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಲು ಎಷ್ಟು ಸೆಕೆಂಡು ಬೇಕೆಂದು ಹದಿನೈದು ದಿನಕ್ಕೊಮ್ಮೆ ನೋಟ್‌ಬುಕ್ಕಿನಲ್ಲಿ ಬರೆಯಿರಿ. 10 ಮೀಟರ್ ನಡೆಯಲು 25 ಸೆಕೆಂಡಿಗಿಂತ ಹೆಚ್ಚು ಬೇಕಾದವರು ಸಾಮಾನ್ಯವಾಗಿ ಮನೆಯೊಳಗಷ್ಟೇ ನಡೆಯುತ್ತಾರೆ, 12-13 ಸೆಕೆಂಡಿನೊಳಗೆ ನಡೆಯಬಲ್ಲವರು ಹೊರಗೆ ಅಂಗಡಿ-ಬಸ್ ನಿಲ್ದಾಣಕ್ಕೆ ಹೋಗಬಲ್ಲರು. ಸಮತೋಲನವನ್ನು ಅಳೆಯಲು ಫಿಸಿಯೋಥೆರಪಿಸ್ಟ್ ಬಳಸುವ ಬರ್ಗ್ ಅಳತೆಯಲ್ಲಿ 14 ಕೆಲಸಗಳಿಗೆ ಒಟ್ಟು 56 ಅಂಕಗಳಿವೆ. 45ಕ್ಕಿಂತ ಕಡಿಮೆ ಬಂದವರು ಬೀಳುವ ಸಂಭವವನ್ನು ಗಮನದಲ್ಲಿಟ್ಟು ಕೋಲು ಅಥವಾ ಜೊತೆಗಾರರ ಬಗ್ಗೆ ತೀರ್ಮಾನಿಸಲಾಗುತ್ತದೆ.

ಬಿದ್ದಾಗ

ಎಷ್ಟು ಎಚ್ಚರವಿದ್ದರೂ ಕೆಲವರು ಒಮ್ಮೆಯಾದರೂ ಬೀಳುತ್ತಾರೆ, ಆದ್ದರಿಂದ ನೆಲದಿಂದ ಏಳುವುದನ್ನು ಮೊದಲೇ ಚಾಪೆಯ ಮೇಲೆ ಅಭ್ಯಾಸ ಮಾಡಿಸಬೇಕು. ಬಿದ್ದವರನ್ನು ಗಾಬರಿಯಿಂದ ಎತ್ತಬೇಡಿ. ಎಲ್ಲಿ ನೋವಿದೆ, ಕಾಲು ಸೊಟ್ಟಗಾಗಿದೆಯೇ ಎಂದು ನೋಡಿ. ಪೆಟ್ಟಾಗಿಲ್ಲವೆಂದು ಖಚಿತವಾದರೆ ಅವರು ಗಟ್ಟಿ ಮಗ್ಗುಲಿಗೆ ಹೊರಳಿ, ಮೊಣಕೈಯೂರಿ ಕುಳಿತು, ಗೋಡೆಗೆ ಒತ್ತಿದ ಕುರ್ಚಿಯ ಆಸನದ ಮೇಲೆ ಗಟ್ಟಿ ಕೈಯನ್ನಿಟ್ಟು ಎರಡೂ ಮಂಡಿಗಳ ಮೇಲೆ ಬರಲಿ. ಅನಂತರ ಗಟ್ಟಿ ಪಾದವನ್ನು ಮುಂದಕ್ಕಿಟ್ಟು, ಕುರ್ಚಿಯನ್ನು ಒತ್ತಿ ಎದ್ದು, ತಿರುಗಿ ಕೂರಲಿ. ನೆರವಿನವರ ಕೈ ಸೊಂಟದ ಬೆಲ್ಟಿನ ಮೇಲಿರಲಿ. ತಲೆಗೆ ಪೆಟ್ಟಾಗಿದ್ದು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ನೋವಿಲ್ಲದಿದ್ದರೂ ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಗಾಯವಿಲ್ಲದವರು ಭಯದಿಂದ ಹಾಸಿಗೆ ಹಿಡಿಯದಂತೆ, ಮರುದಿನ ಬೆಳಿಗ್ಗೆ ಕಾಫಿಗೆ ಮೊದಲು ಕುರ್ಚಿಗೆ ಒಂದು ಮಡಿಕೆ ಜಮಖಾನೆ ಹೆಚ್ಚಿಗೆ ಹಾಸಿ, ಎದ್ದು ಕೂರುವ ಅಭ್ಯಾಸದಿಂದ ಮತ್ತೆ ಶುರು ಮಾಡಿಸಿ.